ಪದಪಟ್ಟಿಯಲ್ಲಿ ಕಾಣೆಯಾದ ಗೆರೆಗಳು: ಕ್ವಾಕ್‌ವಾಲ ಭಾಷೆಯ ಒಂದು ಪ್ರಕರಣ

ಮಾತಾಡುವವರು ಕಡಿಮೆಯಾಗುತ್ತಿರುವ ಒಂದು ಭಾಷೆಯ ಪದಪಟ್ಟಿಯನ್ನು ಫೋನಿಗೆ ತರುವ ಕೆಲಸ ಹೇಗೆ ಕೆಟ್ಟಿತು, ಎಷ್ಟರ ಮಟ್ಟಿಗೆ ಸರಿಹೋಯಿತು ಅನ್ನುವುದರ ವಿವರ ಇದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಇದಕ್ಕೆ ಬಿಡುವಿನ ವೇಳೆಯಲ್ಲಿ ಕೈಜೋಡಿಸಿದ್ದೆ. ಊರು, ಶಾಲೆ, ಜನ ಯಾರೆಂದು ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಉದಾಹರಣೆಗೆ ಎತ್ತಿಕೊಂಡಿರುವ ಪದಗಳು ಬೋರ್ಡುಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಎಲ್ಲರಿಗೂ ಕಾಣುವಂಥವು. ಆ ಮನೆಗಳ ಒಳಗಿನವು ಅಲ್ಲ.

ಹಿನ್ನೆಲೆ

ವ್ಯಾಂಕೂವರ್ ದ್ವೀಪದ ಉತ್ತರ ಭಾಗ, ಅದರ ಎದುರಿನ ಪುಟ್ಟ ದ್ವೀಪಗಳು, ಆಚೆ ದಡದ ಕೊಲ್ಲಿಗಳು, ಇದೆಲ್ಲ ಕ್ವಾಕ್ವಕವಾಕ್ವ್ ಜನರ ನೆಲ. ಅವರ ಮಾತು ಕ್ವಾಕ್‌ವಾಲ. ವಾಕಾಶ್ ಅನ್ನುವ ಚಿಕ್ಕ ಭಾಷಾ ಕುಟುಂಬಕ್ಕೆ ಸೇರಿದ್ದು. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ನೂಟ್ಕಾ ಕೊಲ್ಲಿಗೆ ಬಂದಾಗ ಅಲ್ಲಿಯವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಮೆಚ್ಚುಗೆಯ ಮಾತೊಂದು ಹಡಗಿನವರ ಕಿವಿಗೆ ‘ವಾಕಾಶ್’ ಅಂತ ಬಿತ್ತಂತೆ. ಅದೇ ಕುಟುಂಬದ ಹೆಸರಾಯಿತು. ಹೈಲ್ಟ್‌ಸುಕ್, ಹೈಸ್ಲಾ, ನೂಚಾನುಲ್ತ್, ಡಿಟಿಡಾಟ್, ಮಕಾ ಇದರ ಅಕ್ಕತಂಗಿಯರು. ಮಕಾವನ್ನು ತಾಯಿಮಾತಾಗಿ ಚೆನ್ನಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ 2002ರಲ್ಲಿ ತೀರಿಕೊಂಡರು. ಕ್ವಾಕ್‌ವಾಲಕ್ಕೆ ಇನ್ನೂ ಆ ಸ್ಥಿತಿ ಬಂದಿಲ್ಲ. ಆದರೂ ಸರಾಗವಾಗಿ ಮಾತಾಡುವವರು 200ಕ್ಕಿಂತ ಕಡಿಮೆ, ಹೆಚ್ಚಿನವರಿಗೆ ವಯಸ್ಸಾಗಿದೆ.

ಭಾಷೆ ತಾನಾಗಿಯೇ ಸೊರಗಲಿಲ್ಲ. ಇವರ ಸಮಾಜದ ಕೇಂದ್ರವಾಗಿದ್ದ ಪಾಟ್‌ಲ್ಯಾಚ್ ಎಂಬ ದೊಡ್ಡ ಕೂಟವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ಕಾನೂನಿನಿಂದಲೇ ನಿಷೇಧಿಸಿತ್ತು. ಹೆಸರು ಇಡುವುದು, ಮದುವೆ, ಹಕ್ಕಿನ ಹಸ್ತಾಂತರ ಎಲ್ಲ ನಡೆಯುತ್ತಿದ್ದದ್ದು ಅಲ್ಲೇ. 1921ರ ಡಿಸೆಂಬರಿನಲ್ಲಿ ಕದ್ದು ನಡೆಸಿದ ಒಂದು ಪಾಟ್‌ಲ್ಯಾಚ್‌ಗಾಗಿ ಜನ ಜೈಲಿಗೆ ಹೋದರು, ಮುಖವಾಡಗಳು ಸರ್ಕಾರದ ಪಾಲಾದವು. ಅಲರ್ಟ್ ಬೇ ಊರಿನಲ್ಲಿ 1929ರಲ್ಲಿ ದೊಡ್ಡ ವಸತಿ ಶಾಲೆಯ ಕಟ್ಟಡ ಎದ್ದಿತು. ಮನೆಮಾತು ಆಡಿದರೆ ಅಲ್ಲಿ ಶಿಕ್ಷೆ. 2015ರಲ್ಲಿ ಅದನ್ನು ಕೆಡವಿದರು. ಆ ಶಾಲೆಗೆ ಹೋಗಿ ಬಂದವರ ಮಕ್ಕಳು, ಮೊಮ್ಮಕ್ಕಳೇ ಇವತ್ತು ಪದಪಟ್ಟಿ ಹಿಡಿದು ಭಾಷೆ ಕಲಿಯುತ್ತಿರುವವರು.

ಈಗ ಸದ್ದುಗಳ ವಿಷಯ. ಇದು ಗೊತ್ತಾಗದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಕವರ್ಗ, ಚವರ್ಗ ಅಂತ ಐದು ವರ್ಗ ಇವೆಯಲ್ಲ, ಅದೇ ರೀತಿ ಜೋಡಿಸಿದರೆ ಕ್ವಾಕ್‌ವಾಲದಲ್ಲಿ ಎಂಟು ವರ್ಗ ಆಗುತ್ತವೆ. ಪ, ತ, ತ್ಸ. ಆಮೇಲೆ ನಾಲಗೆಯನ್ನು ‘ಲ’ಕ್ಕೆ ಇಟ್ಟು ಬದಿಯಿಂದ ಬರೀ ಉಸಿರು ಬಿಡುವ ‘ತ್ಲ’. ಆಮೇಲೆ ‘ಕ್ಯ’ದ ಹತ್ತಿರ ಕೇಳುವ ಮುಂದಿನ ಕ. ತುಟಿ ದುಂಡು ಮಾಡುವ ‘ಕ್ವ’. ಏಳನೆಯದು ತೀರಾ ಹಿಂದೆ, ಕಿರುನಾಲಗೆಯ ಹತ್ತಿರ ಹುಟ್ಟುವ ಕ. ಎಂಟನೆಯದು ಅದರದ್ದೇ ದುಂಡು ರೂಪ. ಪ್ರತಿ ವರ್ಗದಲ್ಲೂ ಮೂರು ಮೂರು. ಒಂದು ಉಸಿರು ಸೇರಿದ್ದು, ಒಂದು ‘ಗ, ದ, ಬ’ದಂಥ ಮೃದುವಾದದ್ದು, ಇನ್ನೊಂದು ಗಂಟಲು ಬಿಗಿಹಿಡಿದು ಟಕ್ಕೆಂದು ಸಿಡಿಸುವುದು. ಅಲ್ಲಿಗೆ 24. ಮ, ನ, ಲ, ಯ, ವ ಐದಕ್ಕೂ ಸಾದಾ ರೂಪ ಒಂದು, ಗಂಟಲು ತಡೆದು ಬಿಡುವ ರೂಪ ಒಂದು. ಉಜ್ಜುವ ಸದ್ದುಗಳು ಆರು, ಹ ಒಂದು, ಬರೀ ಗಂಟಲಿನ ತಡೆ ಒಂದು. ಒಟ್ಟು 42 ವ್ಯಂಜನ. ಗಂಟಲಿನ ತಡೆ ಅಂದರೆ ಏನು ಅಂತ ಕೇಳಿದರೆ, ಮಗು ಬೆಂಕಿಪೊಟ್ಟಣಕ್ಕೆ ಕೈ ಹಾಕಿದಾಗ ನಾವು ‘ಅ ಅ, ಬೇಡ’ ಅನ್ನುತ್ತೇವಲ್ಲ, ಆ ಎರಡು ಅಕಾರಗಳ ನಡುವೆ ಗಂಟಲಲ್ಲಿ ಆಗುವುದೇ ಅದು. ನಮಗೆ ಅದು ಅಕ್ಷರ ಅಲ್ಲ. ಅವರಿಗೆ ಅಕ್ಷರ.

ಇಷ್ಟು ಸದ್ದುಗಳನ್ನು ಇಂಗ್ಲಿಷಿನ 26 ಅಕ್ಷರದಲ್ಲಿ ತುಂಬುವ ಪ್ರಯತ್ನ ಹಳೆಯದು. 1878ರಲ್ಲಿ ಬಂದ ಆಲ್ಫ್ರೆಡ್ ಹಾಲ್ ಎಂಬ ಪಾದ್ರಿ ತನ್ನದೇ ಕಾಗುಣಿತದಲ್ಲಿ ವ್ಯಾಕರಣ ಬರೆದರು. ಫ್ರಾಂಜ್ ಬೋವಾಸ್ ಎಂಬ ಮಾನವಶಾಸ್ತ್ರಜ್ಞ ಇನ್ನೊಂದು ಪದ್ಧತಿ ತಂದರು. ಅದನ್ನು ಫೋರ್ಟ್ ರೂಪರ್ಟ್‌ನ ಜಾರ್ಜ್ ಹಂಟ್‌ಗೆ ಕಲಿಸಿದರು. ಹಂಟ್ ಅದರಲ್ಲೇ ಸಾವಿರಾರು ಪುಟ ಬರೆದು ಕಳಿಸಿದರು. ಬೋವಾಸ್ 1889ರಲ್ಲೇ ಒಂದು ಚಿಕ್ಕ ಲೇಖನದಲ್ಲಿ ಒಳ್ಳೆ ಮಾತು ಹೇಳಿದ್ದರು: ಈ ಜನ ಒಂದೇ ಪದವನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಉಚ್ಚರಿಸುತ್ತಾರೆ ಅಂತ ಬರೆದುಕೊಂಡವರು ದೂರುತ್ತಾರೆ, ಆದರೆ ಅಲುಗಾಡುತ್ತಿರುವುದು ಕೇಳುವವರ ಕಿವಿ. ನಮ್ಮ ಪ್ರಕರಣದಲ್ಲಿ ಈ ಮಾತು ಪದೇ ಪದೇ ನೆನಪಾಯಿತು.

ಇವತ್ತು ಮುಖ್ಯವಾಗಿ ಚಾಲ್ತಿಯಲ್ಲಿರುವುದು ಎರಡು ಪದ್ಧತಿ. ಒಂದು ಅಲರ್ಟ್ ಬೇಯ ಉಮಿಸ್ತ ಸಾಂಸ್ಕೃತಿಕ ಸಂಸ್ಥೆಯದ್ದು. ಸಾಮಾನ್ಯ ಇಂಗ್ಲಿಷ್ ಅಕ್ಷರ, ಹಿಂದಿನ ಸದ್ದುಗಳಿಗೆ ಅಕ್ಷರದ ಕೆಳಗೊಂದು ಗೆರೆ, ಸಿಡಿಯುವುದಕ್ಕೆ ಮೇಲೊಂದು ಕೊಕ್ಕೆ, ಅಂದರೆ ಅಪಾಸ್ಟ್ರಫಿ. ಟೈಪ್‌ರೈಟರಿನಲ್ಲೂ ಹೊಡೆಯಬಹುದಾದಂಥದ್ದು. ಇನ್ನೊಂದು ಭಾಷಾವಿಜ್ಞಾನಿಗಳ ಲಿಪಿ, ಜನ ಅದನ್ನು ನಾಪಾ ಅನ್ನುತ್ತಾರೆ. ತಲೆಕೆಳಗಾದ ಇ, ಗ್ರೀಕಿನ ಲ್ಯಾಂಬ್ಡಾ ಎಲ್ಲ ಅದರಲ್ಲಿವೆ. ಯೂನಿವರ್ಸಿಟಿಯಲ್ಲಿ ಕಲಿತು ಬಂದವರಿಗೆ ಅದು ಇಷ್ಟ. ಯಾವುದು ಮೇಲು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ನಾವು ಕೆಲಸ ಮಾಡಿದ ಊರಿನವರ ಶಾಲಾ ಪುಸ್ತಕಗಳು ಉಮಿಸ್ತ ಪದ್ಧತಿಯಲ್ಲಿದ್ದವು, ಹಾಗಾಗಿ ಅದೇ ಅಂತ ತೀರ್ಮಾನವಾಗಿತ್ತು.

ತೊಂದರೆ

ಊರಿನ ಭಾಷಾ ಕೇಂದ್ರದಲ್ಲಿ ಕೆಲವು ಸಾವಿರ ಪದಗಳ ಪಟ್ಟಿ ಇತ್ತು. ಹಿರಿಯರು ಹೇಳಿದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ಟೈಪ್ ಮಾಡಿ, ಆಮೇಲೆ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಅದನ್ನು ಫೋನ್ ಆ್ಯಪ್ ಮಾಡಲು ಒಬ್ಬ ಗುತ್ತಿಗೆದಾರರಿಗೆ ಕೊಟ್ಟರು. ಅವರು ಎಕ್ಸೆಲ್ ಶೀಟನ್ನು ಸಾದಾ ಪಠ್ಯ ಫೈಲಾಗಿ ತೆಗೆದುಕೊಂಡು, ಅಚ್ಚುಕಟ್ಟಾಗಿ ಆ್ಯಪ್ ಕಟ್ಟಿಕೊಟ್ಟರು. ನೋಡಲು ಚೆನ್ನಾಗಿತ್ತು, ಧ್ವನಿ ಬರುತ್ತಿತ್ತು, ಹುಡುಕಾಟವೂ ಇತ್ತು.

ಮೊದಲು ಗಮನಿಸಿದ್ದು ಟೀಚರ್. ತರಗತಿಯಲ್ಲಿ ಒಬ್ಬ ಹುಡುಗಿ ‘ನೀರು’ ಅನ್ನುವ ಪದವನ್ನು ಫೋನು ನೋಡಿಕೊಂಡು ಸುಮ್ನೆ ‘ವಾಪ್’ ಅಂತ ಓದಿದಳು. ಆ ಪದ ಶುರುವಾಗುವುದು ಗಂಟಲು ತಡೆದ ವಕಾರದಿಂದ. ಉಮಿಸ್ತ ಪದ್ಧತಿಯಲ್ಲಿ ಪದದ ಮೊದಲಿಗೇ ಒಂದು ಅಪಾಸ್ಟ್ರಫಿ ಬರಬೇಕು. ಆ್ಯಪಿನಲ್ಲಿ ಅದು ಇರಲಿಲ್ಲ. ‘ಒಂದು’ ಅನ್ನುವ ಪದದಲ್ಲೂ ಇಲ್ಲ. ಟೀಚರ್ ನೋಡುತ್ತಾ ಹೋದರೆ, ಗಂಟಲು ತಡೆದ ಅಕ್ಷರದಿಂದ ಶುರುವಾಗುವ ಒಂದು ಪದಕ್ಕೂ ಅಪಾಸ್ಟ್ರಫಿ ಇಲ್ಲ! ಅಷ್ಟೇ ಅಲ್ಲ, ಅಕ್ಷರದ ಕೆಳಗಿನ ಗೆರೆಗಳೂ ಬಹುಪಾಲು ಮಾಯ.

ಅಲರ್ಟ್ ಬೇ ಭಾಗದ ಜನ ತಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ನೋಡಿ. ಕನ್ನಡದಲ್ಲಿ ಅಂದಾಜಿಗೆ ‘ನಮ್‌ಗಿಸ್’. ಬರೆಯುವಾಗ ಮೊದಲು ಅಪಾಸ್ಟ್ರಫಿ, ಯಾಕೆಂದರೆ ಅದು ಗಂಟಲು ತಡೆದ ನ. ಮುಂದಿನ ಎ ಅಕ್ಷರಕ್ಕೆ ಕೆಳಗೆರೆ, ಯಾಕೆಂದರೆ ಅದು ಪೂರ್ತಿ ಅಕಾರವಲ್ಲ, ತೇಲಿಸಿ ಹೇಳುವ ಕಿರುಸ್ವರ. ಜಿ ಅಕ್ಷರಕ್ಕೂ ಕೆಳಗೆರೆ, ಅದು ಕಿರುನಾಲಗೆಯ ಗ. ಮೂರನ್ನೂ ಕಿತ್ತುಹಾಕಿದರೆ ಉಳಿಯುವುದು ಇಂಗ್ಲಿಷಿನವನು ಓದುವ ಒಂದು ಪದ. ಹಿಂದೆ ಇಂಗ್ಲಿಷಿನವರು ಇದೇ ಹೆಸರನ್ನು ‘ನಿಂಪ್ಕಿಶ್’ ಮಾಡಿಟ್ಟಿದ್ದರು, ನದಿಗೆ ಆ ಹೆಸರು ಇನ್ನೂ ಇದೆ.

ಗೆರೆ ಹೋದದ್ದು ಯಾಕೆ ಅಂತ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟೈಪ್ ಮಾಡಿದವರು ಗೆರೆಗೆ ಎಕ್ಸೆಲ್‌ನ ಅಂಡರ್‌ಲೈನ್ ಬಟನ್ ಒತ್ತಿದ್ದರು. ಅವರ ಲೆಕ್ಕದಲ್ಲಿ ಅದು ಅಕ್ಷರದ ಭಾಗ. ಎಕ್ಸೆಲ್ ಲೆಕ್ಕದಲ್ಲಿ ಅದು ಬರೀ ಅಲಂಕಾರ. ಸಾದಾ ಪಠ್ಯ ಮಾಡಿದ ಕೂಡಲೇ ಅಲಂಕಾರ ಉದುರಿಹೋಯಿತು. ಅಪಾಸ್ಟ್ರಫಿಯ ಕಥೆ ಇನ್ನೂ ಸೊಗಸು. ಎಕ್ಸೆಲ್ ಕೋಶದಲ್ಲಿ ಮೊದಲಿಗೇ ಅಪಾಸ್ಟ್ರಫಿ ಹೊಡೆದರೆ, ‘ಇದನ್ನು ಸಂಖ್ಯೆ ಅಂದುಕೊಳ್ಳಬೇಡ, ಪಠ್ಯ ಅಂದುಕೋ’ ಅನ್ನುವ ಸೂಚನೆ ಅದು ಅಂತ ಎಕ್ಸೆಲ್ ತಿಳಿದುಕೊಂಡು ಬಚ್ಚಿಟ್ಟುಬಿಡುತ್ತದೆ. ನಮ್ಮ ಬ್ಯಾಂಕಿನವರು ಖಾತೆ ಸಂಖ್ಯೆಯ ಮೊದಲಿನ ಸೊನ್ನೆ ಉಳಿಸಿಕೊಳ್ಳಲು ಮಾಡುವ ಉಪಾಯ. ಹೀಗೆ ಒಂದು ಭಾಷೆಯ ಐದು ವ್ಯಂಜನಗಳು ಪದದ ಮೊದಲಿಗೆ ಬಂದಾಗಲೆಲ್ಲ ಗುಳುಂ.

ಏನೇನು ಮಾಡಿ ನೋಡಿದೆವು

ಮೊದಲ ಯೋಚನೆ ಸಹಜವಾಗಿಯೇ ನಿಯಮ ಬರೆಯುವುದು. ಉಳಿದಿರುವ ಅಪಾಸ್ಟ್ರಫಿಗಳನ್ನಾದರೂ ಸರಿಯಾದ ಜಾಗಕ್ಕೆ ಸೇರಿಸೋಣ ಅಂತ. ಈ ಒಂದು ಚಿಹ್ನೆ ಮೂರು ಕೆಲಸ ಮಾಡುತ್ತದೆ. ‘ಕ, ತ, ಪ’ಗಳ ನಂತರ ಬಂದರೆ ಅದು ಸಿಡಿಯುವ ವ್ಯಂಜನ. ‘ಮ, ನ, ಲ, ಯ, ವ’ಗಳ ಮೊದಲು ಬಂದರೆ ಗಂಟಲು ತಡೆದ ರೂಪ. ಎರಡೂ ಅಲ್ಲದಿದ್ದರೆ ಬರೀ ಗಂಟಲಿನ ತಡೆ. ಸ್ವಾಗತಕ್ಕೂ ಧನ್ಯವಾದಕ್ಕೂ ಹೇಳುವ ‘ಗಿಲಕಸ್‌ಲ’ ಅನ್ನುವ ಮಾತಿನಲ್ಲಿ ಅಪಾಸ್ಟ್ರಫಿ ಬರುವುದು ಸಕಾರ ಲಕಾರಗಳ ನಡುವೆ. ಸಕಾರಕ್ಕೆ ಸಿಡಿಯುವ ರೂಪವೇ ಇಲ್ಲ, ಆದ್ದರಿಂದ ಅದು ಲಕಾರದ್ದು. ಸುಲಭ, ಅಲ್ವಾ? ಇದೇ ಮಾತನ್ನು ಕೆಲವು ಬೋರ್ಡುಗಳಲ್ಲಿ ಅಪಾಸ್ಟ್ರಫಿ ‘ಗಿಲ’ ಆದ ಕೂಡಲೇ ಬರುವ ಹಾಗೆ ಬರೆದಿರುತ್ತಾರೆ. ಅದನ್ನು ಓದಿದರೆ ನಿಯಮ ಬೇರೆಯದೇ ಉತ್ತರ ಕೊಡುತ್ತದೆ. ಇನ್ನು ಕಕಾರ, ಅಪಾಸ್ಟ್ರಫಿ, ನಕಾರ ಸಾಲಾಗಿ ಬಂದರೆ? ಸಿಡಿಯುವ ಕ ಆಗಬಹುದು, ಗಂಟಲು ತಡೆದ ನ ಆಗಬಹುದು. ಕಾಗದ ನೋಡಿ ಹೇಳುವುದು ಅಸಾಧ್ಯ.

ಕೆಳಗೆರೆಗೆ ಇನ್ನೊಂದು ಸುಳಿವು ಹಿಡಿದು ಹೊರಟೆವು. ಕಿರುನಾಲಗೆಯ ವ್ಯಂಜನದ ಪಕ್ಕದ ಸ್ವರ ಸ್ವಲ್ಪ ತಗ್ಗುತ್ತದೆ. ಇಕಾರ ಎಕಾರದ ಕಡೆಗೆ, ಉಕಾರ ಒಕಾರದ ಕಡೆಗೆ ಜಾರುತ್ತದೆ. ಹಾಗಾದರೆ ಎ, ಒ ಪಕ್ಕದ ಕಕಾರಕ್ಕೆ ಗೆರೆ ಇರಬಹುದು ಅಂತ ಊಹೆ. ಸುಳಿವು ಸುಳ್ಳಲ್ಲ, ಆದರೆ ಎ, ಒ ಸ್ವರಗಳು ಬೇರೆ ಕಾರಣಕ್ಕೂ ಬರುತ್ತವೆ. ಆಕಾರ, ಕಿರುಸ್ವರಗಳ ಪಕ್ಕ ಇದ್ದಾಗ ಸುಳಿವೇ ಇಲ್ಲ. ಟೀಚರ್ ತಮಗೆ ಚೆನ್ನಾಗಿ ಗೊತ್ತಿರುವ ಪದಗಳ ಮೇಲೆ ಇದನ್ನು ಓಡಿಸಿ ನೋಡಿದರು. ತಪ್ಪುಗಳನ್ನು ನೋಡಿ ಒಂದೇ ಮಾತು ಹೇಳಿದರು: ‘ಈಗ ಇರುವುದು ಅರ್ಧಂಬರ್ಧ ಪಟ್ಟಿ ಅಂತ ನಮಗೆ ಗೊತ್ತು. ನಿಮ್ಮ ಯಂತ್ರ ಮುಟ್ಟಿದ ಮೇಲೆ ಯಾವುದು ಹಿರಿಯರದ್ದು, ಯಾವುದು ಊಹೆ ಅಂತಲೂ ಗೊತ್ತಾಗುವುದಿಲ್ಲ.’

ಪ್ರಕರಣದ ಮೊದಲ ತಿರುವು ಇದು. ಊಹಿಸಿ ತುಂಬುವುದು ನಿಂತಿತು. ಆಮೇಲಿನಿಂದ ಪ್ರತಿ ಗೆರೆಗೂ ‘ಇದು ನಮಗೆ ಹೇಗೆ ಗೊತ್ತು’ ಅನ್ನುವುದಕ್ಕೆ ಒಂದು ಉತ್ತರ ಇರಲೇಬೇಕು ಅಂತ ಆಯಿತು.

ಫೈಲಿನ ಹೊಟ್ಟೆಯೊಳಗೆ

ಆ್ಯಪಿನ ಹಿಂದಿದ್ದ ಸಾದಾ ಪಠ್ಯ ಬಿಟ್ಟು ಮೂಲ ಎಕ್ಸೆಲ್ ಫೈಲು ಹುಡುಕಿದೆವು. ಕೇಂದ್ರದ ಕಪಾಟಿನಲ್ಲಿ ಒಂದು ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿತು. ಈಗಿನ ಎಕ್ಸೆಲ್ ಫೈಲು ಅಂದರೆ ಜಿಪ್ ಮಾಡಿದ ಒಂದು ಕಟ್ಟು. ಬಿಚ್ಚಿದರೆ ಒಳಗೆ ಪ್ರತಿ ಕೋಶದ ಪಠ್ಯ ತುಂಡು ತುಂಡಾಗಿ ಇರುತ್ತದೆ, ಯಾವ ತುಂಡಿಗೆ ಅಂಡರ್‌ಲೈನ್ ಇದೆ ಅಂತ ಪಕ್ಕದಲ್ಲೇ ಬರೆದಿರುತ್ತದೆ. ಬಚ್ಚಿಟ್ಟ ಅಪಾಸ್ಟ್ರಫಿಯೂ ಆ ಕೋಶದ ಶೈಲಿಯಲ್ಲಿ ಒಂದು ಗುರುತಾಗಿ ಕುಳಿತಿರುತ್ತದೆ. ಅಂದರೆ ಎಕ್ಸೆಲ್ ಅದನ್ನು ನುಂಗಿರಲಿಲ್ಲ, ಜೇಬಿಗೆ ಹಾಕಿಕೊಂಡಿತ್ತು. ಆ ಗುರುತು ಇರುವ ಕೋಶಗಳನ್ನೆಲ್ಲ ಹೆಕ್ಕಿ ತೋರಿಸಿದಾಗ ಟೀಚರ್ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಗಟ್ಟಿಯಾಗಿ ಓದತೊಡಗಿದರು. ನೀರು ಬಂತು, ಒಂದು ಬಂತು.

ಇನ್ನೊಂದು ಕಂತು ವರ್ಡ್ ಫೈಲುಗಳಲ್ಲಿ ಇತ್ತು. ಈ ಭಾಷೆಗಾಗಿಯೇ ಯಾರೋ ಮಾಡಿದ್ದ ಹಳೆಯ ಫಾಂಟ್ ಬಳಸಿದ್ದರು. ಚೌಕ ಬ್ರಾಕೆಟ್ ಕೀಲಿ ಒತ್ತಿದರೆ ತೆರೆಯ ಮೇಲೆ ಕೆಳಗೆರೆಯ ಜಿ ಕಾಣುವಂಥದ್ದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪದದ ಮಧ್ಯೆ ಬ್ರಾಕೆಟ್, ಸೆಮಿಕೋಲನ್ ಉದುರಿ ಬಿದ್ದಿರುತ್ತವೆ. ಊರಿನವರು ಈ ಫೈಲುಗಳು ಕೆಟ್ಟುಹೋಗಿವೆ ಅಂತ ಪಕ್ಕಕ್ಕಿಟ್ಟಿದ್ದರು. ನುಡಿ, ಬರಹ ತಂತ್ರಾಂಶಗಳ ಕಾಲದ ಹಳೆಯ ಆಸ್ಕಿ ಫೈಲುಗಳನ್ನು ಯೂನಿಕೋಡಿಗೆ (ಎಲ್ಲ ಲಿಪಿಗಳಿಗೂ ಒಂದೇ ಆದ ಸಂಕೇತ ಪದ್ಧತಿ) ತಂದ ಯಾವ ಕನ್ನಡಿಗನಿಗೂ ಇದು ಹೊಸದಲ್ಲ. ನಿಜ ಹೇಳಬೇಕೆಂದರೆ ಅವರ ಫಾಂಟ್ ನಮ್ಮದಕ್ಕಿಂತ ಎಷ್ಟೋ ಸಲೀಸು. ನಮ್ಮಲ್ಲಿ ಒತ್ತಕ್ಷರ, ಅರ್ಕಾವತ್ತು ಎಲ್ಲ ಹಿಂದುಮುಂದು ಆಗಿ ಪರಿವರ್ತಕಗಳು ಒದ್ದಾಡುತ್ತವೆ. ಅಲ್ಲಿ ಒಂದು ಕೀಲಿಗೆ ಒಂದು ಅಕ್ಷರ. ಕೀಲಿಗಳ ಕೋಷ್ಟಕ ಮಾಡಿಕೊಂಡ ಮೇಲೆ ಎಲ್ಲರೂ ಕೈಬಿಟ್ಟಿದ್ದ ಆ ಕಂತೇ ಅತ್ಯಂತ ನಂಬಿಕೆಯದ್ದಾಗಿ ಹೊರಬಂತು.

ಮೂರನೆಯ ಆಸರೆ ಬೋವಾಸ್ ಮತ್ತು ಹಂಟ್. ಅವರ ಬರವಣಿಗೆಯಲ್ಲಿ ಹಿಂದಿನ ಕಕಾರಕ್ಕೆ ಕ್ಯೂ ಅಕ್ಷರ, ಸಿಡಿಯುವುದಕ್ಕೆ ಮುಂದೊಂದು ಆಶ್ಚರ್ಯಚಿಹ್ನೆ. ಮಕ್ಕಳನ್ನು ಬೆನ್ನಿನ ಬುಟ್ಟಿಗೆ ಹಾಕಿಕೊಂಡು ಹೋಗುವ ಕಾಡಿನ ರಾಕ್ಷಸಿ ‘ಜೂನುಕ್ವ’ಳನ್ನು ಮ್ಯೂಸಿಯಮ್ ಚೀಟಿಗಳಲ್ಲಿ ಹತ್ತಾರು ರೀತಿ ಬರೆದಿರುತ್ತಾರೆ, ಹೆಚ್ಚಿನವುಗಳಲ್ಲಿ ಬರೀ ಕೆ. ಬೋವಾಸ್ ಬರೆದದ್ದರಲ್ಲಿ ಕ್ಯೂ, ಅದರ ಪಕ್ಕ ಆಶ್ಚರ್ಯಚಿಹ್ನೆ. ಅಂದರೆ ಕಿರುನಾಲಗೆಯ ಕ, ಅದೂ ಸಿಡಿಯುವಂಥದ್ದು. ನೂರು ವರ್ಷದ ಹಿಂದಿನ ಹೊರಗಿನವನ ಕಿವಿಯನ್ನು ಎಷ್ಟು ನಂಬುವುದು ಅನ್ನುವ ಪ್ರಶ್ನೆ ಇದ್ದೇ ಇತ್ತು. ಆದರೆ ಹೆಚ್ಚಿನದನ್ನು ಬರೆದದ್ದು ಆ ಭಾಷೆಯಲ್ಲೇ ಬೆಳೆದ ಹಂಟ್. ಹಾಗಾಗಿ ಸಾಕ್ಷಿ ಅಂತ ಇಟ್ಟುಕೊಂಡೆವು, ತೀರ್ಪು ಅಂತ ಅಲ್ಲ.

ಇಷ್ಟಾದರೂ ಒಂದು ಕಂತು ಉಳಿಯಿತು. ಬೇಸಿಗೆ ರಜೆಯಲ್ಲಿ ಬಂದ ಯಾರೋ ಆ ಪದಗಳನ್ನು ಗೆರೆಯೇ ಇಲ್ಲದೆ ಟೈಪ್ ಮಾಡಿದ್ದರು. ಫೈಲಿನಲ್ಲಿ ಇಲ್ಲದ್ದನ್ನು ಫೈಲಿನಿಂದ ತೆಗೆಯಲು ಆಗುವುದಿಲ್ಲ. ಇದ್ದದ್ದು ಕ್ಯಾಸೆಟ್ಟುಗಳು, ಮತ್ತು ಕೇಳಿ ಹೇಳಬಲ್ಲ ಇಬ್ಬರು ಅಜ್ಜಿಯರು.

ಅಜ್ಜಿಯ ಜೊತೆ

ಮೊದಲ ದಿನ ಟೀಚರ್ ಕಾರ್ಡುಗಳನ್ನು ಮಾಡಿಕೊಂಡು ಹೋಗಿದ್ದರು. ಒಂದರಲ್ಲಿ ಗೆರೆಯಿಲ್ಲದ ಕೆ, ಇನ್ನೊಂದರಲ್ಲಿ ಗೆರೆಯ ಕೆ. ಇದಾ, ಅದಾ ಅಂತ ಕೇಳಿದರೆ ಅಜ್ಜಿ ಎರಡಕ್ಕೂ ‘ಹೂಂ’ ಅಂದರು. ಅವರಿಗೆ ಆ ಲಿಪಿ ಓದಿ ರೂಢಿಯಿಲ್ಲ. ಟೀಚರ್ ಮುಖ ನೋಡಿ, ಅವಳಿಗೆ ಬೇಜಾರಾಗದಿರಲಿ ಅಂತ ಒಪ್ಪುತ್ತಿದ್ದರು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ, ‘ಅಕ್ಷರ ಕೇಳಬೇಡಮ್ಮ. ನಾನು ಹೇಳುತ್ತೇನೆ, ನೀನೇ ಕೇಳಿಸಿಕೋ’ ಅಂದರು.

ವಿಧಾನ ಬದಲಾಯಿತು. ಕ್ಯಾಸೆಟ್ಟಿನ ತುಣುಕು ಹಾಕುವುದು. ಅಜ್ಜಿ ಅದನ್ನು ಒಂದು ವಾಕ್ಯದಲ್ಲಿ ಸೇರಿಸಿ ಹೇಳುವುದು. ಕಲಿಯುತ್ತಿರುವ ಇಬ್ಬರು ಒಬ್ಬರದ್ದನ್ನೊಬ್ಬರು ನೋಡದೆ ಬರೆಯುವುದು. ಇಬ್ಬರ ಬರಹ ಒಂದೇ ಆದರೆ ಒಪ್ಪಿಗೆ, ಇಲ್ಲದಿದ್ದರೆ ಮುಂದಿನ ವಾರಕ್ಕೆ. ‘ನಿಧಾನವಾಗಿ ಬಿಡಿಸಿ ಹೇಳಿ’ ಅಂತ ಮೊದಮೊದಲು ಕೇಳುತ್ತಿದ್ದರು. ಅದನ್ನು ನಿಲ್ಲಿಸಬೇಕಾಯಿತು. ಬಿಡಿಸಿ ಹೇಳಿದಾಗ ಕಿರುಸ್ವರ ಉಬ್ಬಿ ಪೂರ್ತಿ ಅಕಾರ ಆಗಿಬಿಡುತ್ತಿತ್ತು, ಗೆರೆ ಹಾಕಬೇಕಾದಲ್ಲಿ ಗೆರೆ ತಪ್ಪುತ್ತಿತ್ತು. ಹಾಗಾಗಿ ಸ್ವರಕ್ಕೆ ಓಟದ ಮಾತೇ ಆಧಾರ, ವ್ಯಂಜನಕ್ಕೆ ಬೇಕಾದರೆ ನಿಧಾನದ ಮಾತು.

ನನ್ನ ಕಿವಿ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಉಸಿರು ಸೇರಿದ ಅವರ ಸಾದಾ ಕಕಾರ ನನಗೆ ‘ಖ’ ಅಂತ ಕೇಳುತ್ತಿತ್ತು, ಸಿಡಿಯುವ ಕಕಾರ ನಮ್ಮ ‘ಕ’ದ ಹಾಗೆ. ಅಲ್ಪಪ್ರಾಣ ಮಹಾಪ್ರಾಣದ ಖಾನೆಗಳಲ್ಲೇ ಕೇಳುವ ಅಭ್ಯಾಸ, ಏನು ಮಾಡುವುದು! ಸಿಡಿಯುವ ‘ತ್ಲ’ ಹೇಳಲು ಹೋದಾಗ ಅಜ್ಜಿ ನಕ್ಕದ್ದನ್ನು ಇಡೀ ಕೋಣೆ ಕೇಳಿತು. ಬರೆಯುವ ಜವಾಬ್ದಾರಿ ಪೂರ್ತಿ ಅಲ್ಲಿಯವರದ್ದೇ ಆಗಿದ್ದು ಒಳ್ಳೆಯದಾಯಿತು.

ಎರಡನೆಯ ತಿರುವು ಇಬ್ಬರು ಅಜ್ಜಿಯರು ಒಪ್ಪದಿದ್ದಾಗ. ಒಬ್ಬರು ದ್ವೀಪದ ಕಡೆಯವರು, ಇನ್ನೊಬ್ಬರ ಮನೆತನ ಆಚೆ ದಡದ ಕೊಲ್ಲಿಯಿಂದ ಬಂದದ್ದು. ಕೆಲವು ಪದಗಳಲ್ಲಿ ಸ್ವರವೇ ಬೇರೆ. ಆ್ಯಪಿಗೆ ಒಂದು ‘ಸರಿಯಾದ’ ರೂಪ ಬೇಕು ಅಂತ ಮೊದಲಿನ ವಿನ್ಯಾಸದಲ್ಲಿ ಇತ್ತು. ಕೇಂದ್ರದವರು ಕೂತು ಮಾತಾಡಿ, ಎರಡೂ ಇರಲಿ, ಪಕ್ಕದಲ್ಲಿ ಯಾವ ಕಡೆಯ ಮಾತು ಅಂತ ಹಾಕೋಣ ಅಂದರು. ಕೋಷ್ಟಕವನ್ನೇ ಮತ್ತೆ ಕಟ್ಟಬೇಕಾಯಿತು. ಆದರೆ ಅದಾದ ಮೇಲೆ ಎರಡನೆಯ ಅಜ್ಜಿ ಹೆಚ್ಚು ಮಾತಾಡತೊಡಗಿದರು. ಅದುವರೆಗೆ, ಇವರ ಪಟ್ಟಿಯಲ್ಲಿ ನನ್ನ ಮಾತು ತಪ್ಪಾಗಿ ಲೆಕ್ಕಕ್ಕೆ ಬರುತ್ತದೆ ಅಂತ ಅವರು ಸುಮ್ಮನಿದ್ದರು ಅಂತ ಆಮೇಲೆ ಗೊತ್ತಾಯಿತು.

ಮೂರನೆಯದು ನಾವು ಎಣಿಸಿರದ ಕಡೆಯಿಂದ ಬಂತು. ಕ್ಯಾಸೆಟ್ಟಿನಲ್ಲಿ ಪದಗಳ ನಡುವೆ ಹೆಸರುಗಳು ಇದ್ದವು, ಪಾಟ್‌ಲ್ಯಾಚ್‌ನಲ್ಲಿ ಕೊಡುವಂಥವು. ಹಳೆಯ ಪಟ್ಟಿಗೂ ಕೆಲವು ಸೇರಿದ್ದವು, ಆ್ಯಪಿನಲ್ಲೂ ಇದ್ದವು. ‘ಆ ಹೆಸರು ಒಂದು ಮನೆತನದ ಆಸ್ತಿ. ಅವರನ್ನು ಕೇಳದೆ ನಾವು ಜೋರಾಗಿ ಓದುವ ಹಾಗೂ ಇಲ್ಲ’ ಅಂದರು ಅಜ್ಜಿ. ಕ್ವಾಕ್ವಕವಾಕ್ವ್ ಜನರಲ್ಲಿ ಹೆಸರು, ಹಾಡು, ಕುಣಿತ ಎಲ್ಲಕ್ಕೂ ಹಕ್ಕುದಾರರಿದ್ದಾರೆ. ಅವತ್ತೇ ಆ ನಮೂದುಗಳನ್ನು ಆ್ಯಪಿನಿಂದ ತೆಗೆದು ಬೇರೆ ಫೈಲಿಗೆ ಹಾಕಿ, ಫೈಲನ್ನು ಕೇಂದ್ರದ ಕಪಾಟಿಗೆ ಕೊಟ್ಟೆವು. ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಅಳಿಸಿದೆ.

ಏನಾಯಿತು

ಈಗ ಪ್ರತಿ ಪದಕ್ಕೂ ಮೂರು ವಿಷಯ ದಾಖಲಾಗಿವೆ: ಸಿಕ್ಕಿದಾಗ ಹೇಗಿತ್ತು, ಈಗ ಹೇಗೆ ಬರೆಯುತ್ತೇವೆ, ಯಾಕೆ ಹಾಗೆ. ಆ ‘ಯಾಕೆ’ಗೆ ಉತ್ತರ ಎಕ್ಸೆಲ್ ಗುರುತು, ಹಳೆಯ ಫಾಂಟ್, ಹಂಟ್ ಬರಹ, ಕ್ಯಾಸೆಟ್, ಅಜ್ಜಿ ಇವುಗಳಲ್ಲಿ ಒಂದು. ಯಾವುದೂ ಇಲ್ಲದಿದ್ದರೆ ‘ಕೇಳಿಲ್ಲ’ ಅಂತ. ಅಂಥವು ಆ್ಯಪಿನಲ್ಲಿ ಬೂದು ಬಣ್ಣದಲ್ಲಿ ಕಾಣುತ್ತವೆ. ಮಕ್ಕಳಿಗೆ ಗೊಂದಲ ಆಗುತ್ತದೆ ಅಂತ ಒಬ್ಬರು ಆಕ್ಷೇಪ ಎತ್ತಿದ್ದರು. ಆಗಿದ್ದು ಬೇರೆ. ಬೂದು ಪದ ಕಂಡ ಒಬ್ಬ ಹುಡುಗ ಮನೆಯಲ್ಲಿ ತಾತನನ್ನು ಕೇಳಿಕೊಂಡು ಬಂದ. ನಮ್ಮ ಪಟ್ಟಿಯಲ್ಲಿ ಆ ತಾತ ಇರಲೇ ಇಲ್ಲ, ಅವರಿಗೆ ಭಾಷೆ ಬರುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ತಾಂತ್ರಿಕ ತೀರ್ಮಾನಗಳಲ್ಲಿ ಎರಡನ್ನು ಹೇಳಬೇಕು. ಕೆಳಗೆರೆಯ ಕೆ ಅಕ್ಷರಕ್ಕೆ ಯೂನಿಕೋಡಿನಲ್ಲಿ ಒಂದೇ ಇಡಿಯಾದ ಸಂಕೇತವೂ ಇದೆ, ಕೆ ಮತ್ತು ಗೆರೆ ಎರಡನ್ನು ಜೋಡಿಸಿಯೂ ಬರೆಯಬಹುದು. ಕೆಳಗೆರೆಯ ಜಿ, ಎಕ್ಸ್, ಎ ಅಕ್ಷರಗಳಿಗೆ ಜೋಡಿಸುವುದೊಂದೇ ದಾರಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎಲ್ಲವನ್ನೂ ಒಂದೇ ರೂಪಕ್ಕೆ ತಂದೆವು. ಅಪಾಸ್ಟ್ರಫಿಗೆ ಉದ್ಧರಣ ಚಿಹ್ನೆ ಬೇಡ, ಅಕ್ಷರ ಅಂತಲೇ ಎಣಿಸುವ ಬೇರೆ ಅಪಾಸ್ಟ್ರಫಿ ಇದೆ, ಅದನ್ನೇ ಬಳಸಿದೆವು. ಇಲ್ಲದಿದ್ದರೆ ವರ್ಡ್ ಅದನ್ನು ಪದದ ಮೊದಲಿಗೆ ಕಂಡಾಗ ಉದ್ಧರಣ ಶುರುವಾಯಿತು ಅಂದುಕೊಂಡು ತಿರುಗಿಸಿ ಹಾಕುತ್ತದೆ.

ಎರಡನೆಯದು ಹುಡುಕಾಟ. ಬರೆಯುವಾಗ ಎಲ್ಲ ಗುರುತೂ ಬೇಕು, ಹುಡುಕುವಾಗ ಯಾವುದೂ ಬೇಡ. ಮಕ್ಕಳು ಫೋನಿನಲ್ಲಿ ಗೆರೆ ಹಾಕುವ ಗೋಜಿಗೆ ಹೋಗುವುದಿಲ್ಲ. ಕೀಲಿಮಣೆ ಹಾಕಿಕೊಟ್ಟಿದ್ದೇವೆ, ಜಿ ಅಕ್ಷರ ಒತ್ತಿ ಹಿಡಿದರೆ ಗೆರೆಯ ಜಿ ಬರುತ್ತದೆ. ಆದರೂ ಗೆಳೆಯರಿಗೆ ಮೆಸೇಜ್ ಮಾಡುವಾಗ ಬೋಳು ಅಕ್ಷರವೇ. ಇದಕ್ಕೆ ಟೀಚರ್ ತಲೆ ಕೆಡಿಸಿಕೊಂಡಿಲ್ಲ. ನಾವೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವಾಗ ಲಕಾರ ಳಕಾರ ಒಂದೇ ಮಾಡುತ್ತೇವೆ, ಓದುವವರು ಸರಿಯಾಗಿಯೇ ಓದಿಕೊಳ್ಳುತ್ತಾರೆ. ವ್ಯತ್ಯಾಸ ಇಷ್ಟೇ: ನಮಗೆ ಸರಿ ರೂಪ ಮನೆಯಲ್ಲಿ ಕಿವಿಗೆ ಬಿದ್ದಿರುತ್ತದೆ. ಆ ಮಕ್ಕಳಿಗೆ ಸರಿ ರೂಪ ಸಿಗುವ ಜಾಗಗಳಲ್ಲಿ ಈ ಪಟ್ಟಿಯೂ ಒಂದು. ಅದಕ್ಕೇ ಪಟ್ಟಿಯಲ್ಲಿ ಗುರುತು ಕಡ್ಡಾಯ.

ಬೇರೆ ಭಾಷೆಗಳಿಗೆ ಇಂಥ ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ. ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ. ತುಳುವಿನ ಪದಗಳ ಕೊನೆಯ ಅರ್ಧ ಉಕಾರಕ್ಕೆ ಒಬ್ಬೊಬ್ಬರು ಒಂದೊಂದು ಗುರುತು ಹಾಕುತ್ತಾರೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಬಂದ ಮೇಲೆ ಹಳೆಯ ಫೈಲುಗಳನ್ನು ಅದಕ್ಕೆ ತರುವ ಉತ್ಸಾಹ ಜಾಸ್ತಿಯಾಗುವುದು ಖಂಡಿತ. ನನ್ನ ಮಟ್ಟಿಗೆ ಈ ಪ್ರಕರಣದಿಂದ ಸಿಕ್ಕ ಕೆಲಸದ ಪಾಠ ಹೀಗಿದೆ. ಪರಿವರ್ತಿಸಿದ ಫೈಲು ಕೊಟ್ಟರೆ ತೆಗೆದುಕೊಳ್ಳಬೇಡಿ, ಮೂಲ ಫೈಲು ಕೇಳಿ, ಅದರ ಫಾಂಟನ್ನೂ ಕೇಳಿ. ಮುದ್ರಿತ ಪುಟ ಇದ್ದರೆ ಫೋಟೋ ತೆಗೆದಿಡಿ. ಕೆಟ್ಟಿದೆ ಅಂತ ಪಕ್ಕಕ್ಕಿಟ್ಟ ಕಟ್ಟನ್ನು ಮೊದಲು ಬಿಚ್ಚಿ ನೋಡಿ. ಯಂತ್ರದ ಊಹೆಯನ್ನು ಜನರ ಮಾತಿನ ಜೊತೆ ಒಂದೇ ಕಾಲಮ್ಮಿನಲ್ಲಿ ಬೆರೆಸಬೇಡಿ. ಮತ್ತೆ, ಯಾವುದು ಹೊರಗೆ ಹೋಗಬಾರದು ಅಂತ ಆ್ಯಪ್ ಕಟ್ಟುವ ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಈ ಪ್ರಶ್ನೆ ಕೊನೆಯಲ್ಲಿ ಬಂತು, ಅಷ್ಟರಲ್ಲಿ ಕೆಲವು ಹೆಸರುಗಳು ಎಷ್ಟೋ ಫೋನುಗಳಲ್ಲಿ ಇಳಿದಾಗಿತ್ತು. ಅವನ್ನು ವಾಪಸ್ ತರಲು ದಾರಿಯಿಲ್ಲ.

ಪಟ್ಟಿಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಊರಿನವರು ನಾಮಫಲಕಗಳಿಗೆ ಕೈ ಹಾಕಿದರು. ಬೋರ್ಡ್ ಮಾಡುವ ಅಂಗಡಿಯ ಫಾಂಟಿನಲ್ಲಿ ಕೆಳಗೆರೆಯು ಜಿ ಅಕ್ಷರದ ಬಾಲಕ್ಕೆ ಅಂಟಿಕೊಂಡು ಬಾಲವೇ ದಪ್ಪವಾದ ಹಾಗೆ ಕಂಡಿತು, ದೂರದಿಂದ ಗೆರೆ ಇದೆ ಅಂತಲೇ ತಿಳಿಯುತ್ತಿರಲಿಲ್ಲ. ದೊಡ್ಡಕ್ಷರದ ಜಿಗೆ ಬಾಲ ಇಲ್ಲವಲ್ಲ, ಹಾಗಾಗಿ ಇಡೀ ಬೋರ್ಡು ದೊಡ್ಡಕ್ಷರದಲ್ಲಿ ಇರಲಿ ಅಂತ ಟೀಚರ್ ಹೇಳಿ ಕಳಿಸಿದರು. ಮಾದರಿ ಬಂದಾಗ ಗೆರೆಗಳೆಲ್ಲ ಸರಿಯಾಗಿದ್ದವು, ಮೊದಲಿನ ಅಪಾಸ್ಟ್ರಫಿ ಮಾತ್ರ ತಿರುಗಿಕೊಂಡಿತ್ತು. ಅಂಗಡಿಯವರು ಪದವನ್ನು ವರ್ಡ್‌ನಲ್ಲಿ ತಾವೇ ಮತ್ತೆ ಟೈಪ್ ಮಾಡಿದ್ದರು. ಈಗ ಬೋರ್ಡಿಗೆ ಪದ ಕಳಿಸುವಾಗ ಪಠ್ಯ ಕಳಿಸುವುದಿಲ್ಲ, ಚಿತ್ರ ಮಾಡಿ ಕಳಿಸುತ್ತೇವೆ.